ಸಾಕು ಎನ್ನುವ ನೌಕರಿ

ನಮ್ಮವರಲ್ಲಿ ‘ಸಾಕು’ ಎಂಬ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಮದುವೆ ಊಟದಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದವರಿಗೇ ಇನ್ನೆರಡು ಹೋಳಿಗೆ ಬೀಳುತ್ತವೆ. ಹೀಗಿದ್ದೂ ಆ ಮಾತನ್ನೇ ನಂಬಿ ಹೊಟ್ಟೆ ಹೊರೆಯುವ ಯೋಗ ನನಗೆ ಬಂತು. ಮ್ಯಾನ್‌ಹಟನ್ನಿನ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಆ್ಯಪ್‌ಗಳಲ್ಲಿ ಕಾಣಿಸುವ ಪುಟ್ಟ ಪುಟ್ಟ ಸಾಲುಗಳನ್ನು ಬರೆಯುತ್ತೇನೆ. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂಬುದನ್ನು ಓದಿ ನೀವು ಹಲ್ಲು ಕಡಿಯುತ್ತೀರಲ್ಲ, ಅದನ್ನು ನನ್ನಂಥವಳೊಬ್ಬಳು ನೆಮ್ಮದಿಯಾಗಿ ಕಾಫಿ ಕುಡಿಯುತ್ತ ಬರೆದಿರುತ್ತಾಳೆ.

ಈ ಬೇಸಿಗೆಯಲ್ಲಿ ನಮಗೆ ಒಂದು ಆನ್‌ಲೈನ್ ಕ್ಯಾಸಿನೋದ ಕೆಲಸ ಸಿಕ್ಕಿತು. ಹೊರದೇಶದ ಕ್ಯಾಸಿನೋ, ಬಿಟ್‌ಕಾಯಿನ್ನಿನಂಥ ಕ್ರಿಪ್ಟೋ ಹಣದಲ್ಲಿ ಆಡುವಂಥದ್ದು. ನಾವಿರುವ ನ್ಯೂಜೆರ್ಸಿಯಲ್ಲಿ ಕೂತು ಅದನ್ನು ಆಡಲು ಕಾನೂನಿನ ಒಪ್ಪಿಗೆಯಿಲ್ಲ. ಅಲ್ಲಿ ಆಡುವವರು ಮೈಮರೆತಾಗ ನಡುವೆ ಮೂಡಿ, ‘ಸ್ವಲ್ಪ ನಿಲ್ಲಿಸುತ್ತೀರಾ?’ ಎಂದು ಕೇಳುವ ಸಂದೇಶವನ್ನು ನಾನು ಬರೆಯಬೇಕಿತ್ತು. ನನ್ನ ಮೇಲಧಿಕಾರಿ ಡೆನೀಸ್ ಮೊದಲ ದಿನವೇ ಹೇಳಿದ್ದಳು, ‘ಹಳೆಯ ಸಂದೇಶವನ್ನು ಯಾರೂ ಓದುತ್ತಿರಲಿಲ್ಲವಂತೆ. ನಿನ್ನದನ್ನೂ ಓದದಿದ್ದರೆ ಈ ಕೆಲಸ ನಮ್ಮ ಕೈತಪ್ಪುತ್ತದೆ. ಆಮೇಲೆ ನಿನಗೆ ಕೊಡಲು ನನ್ನಲ್ಲಿ ಬೇರೆ ಕೆಲಸವಿಲ್ಲ.’

ಜೂಜಿನ ಬಗ್ಗೆ ನನ್ನ ಅನುಭವವೋ, ಕನ್ನಡ ಸಂಘದ ಪಿಕ್‌ನಿಕ್‌ನಲ್ಲಿ ಪ್ರೆಶರ್ ಕುಕ್ಕರಿನ ಆಸೆಗೆ ತಂಬೋಲ ಆಡಿದ್ದು ಅಷ್ಟೇ. ಕುಕ್ಕರೂ ಬರಲಿಲ್ಲ. ಹಾಗಾಗಿ ನನ್ನ ಸಂದೇಶಗಳನ್ನು ಪರೀಕ್ಷಿಸಲು ಒಬ್ಬರು ಬೇಕಾಗಿತ್ತು. ನ್ಯೂಜೆರ್ಸಿಯ ಹ್ಯಾರಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ಆಗಷ್ಟೇ ಮಾವನವರು ಬಂದಿಳಿದಿದ್ದರು. ತುಮಕೂರಿನ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಆರು ತಿಂಗಳು ಇರುವವರಿದ್ದರು. ಸಂಭವನೀಯತೆಯ ಪಾಠಕ್ಕೆ ಅವರದು ಎತ್ತಿದ ಕೈಯಂತೆ. ಇವರಿಗಿಂತ ಸುರಕ್ಷಿತ ಮನುಷ್ಯ ಯಾರು ಸಿಕ್ಕಾರು ಎಂದುಕೊಂಡು, ಬರೀ ಆಟಿಕೆ ನಾಣ್ಯಗಳ ಮಾದರಿ ಆಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಅವರ ಮುಂದಿಟ್ಟೆ.

‘ಏನಮ್ಮಾ ಇದು, ಜೂಜಾ? ಶಿವ ಶಿವಾ!’ ಎಂದವರು ಊಟಕ್ಕೆ ಕರೆದರೆ ಏಳಲಿಲ್ಲ.

ನಾನು ಮೊದಲು ವಿನಯದಿಂದ ಬರೆದೆ, ಆಮೇಲೆ ಗದರಿಸಿ ಬರೆದೆ, ಕೊನೆಗೆ ಪ್ರಾಸ ಹಾಕಿಯೂ ಬರೆದೆ. ಮಾವನವರು ಎಲ್ಲವನ್ನೂ ನೊಣ ಓಡಿಸಿದಂತೆ ಓಡಿಸಿದರು. ಒಮ್ಮೆ ಕೆಂಪು, ಕಪ್ಪು ಮನೆಗಳ ತಿರುಗುವ ಚಕ್ರದಲ್ಲಿ ಸಾಲಾಗಿ ಕೆಂಪೇ ಬಂತು. ‘ಇನ್ನು ಕಪ್ಪು ಬರಲೇಬೇಕು ನೋಡು’ ಎಂದು ರಾಶಿ ನಾಣ್ಯ ಕಟ್ಟಿದರು.

‘ಮಾವ, ಚಕ್ರಕ್ಕೆ ಹಿಂದಿನದು ನೆನಪಿರಲ್ಲ ಅಂತ ನೀವೇ ಕ್ಲಾಸಲ್ಲಿ ಹೇಳ್ತಿದ್ರಂತೆ?’

‘ಅದು ಪರೀಕ್ಷೆಗೆ ಕಣಮ್ಮ. ಇದು ಬೇರೆ.’

ಇದನ್ನೆಲ್ಲ ನಾನು ನಗುತ್ತಲೇ ನೋಡುತ್ತಿದ್ದೆ, ಆ ರಾತ್ರಿ ಊಟದವರೆಗೆ. ಮಾವನವರು ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುತ್ತ ಮಗನನ್ನು, ಎಂದರೆ ನನ್ನ ಗಂಡನನ್ನು, ಕೇಳಿದರು, ‘ಶ್ರೀಧರ, ಈ ಬಿಟ್‌ಕಾಯಿನ್ ಅಂತಾರಲ್ಲ, ಅದನ್ನ ಕೊಂಡುಕೊಳ್ಳೋದು ಹೇಗೋ? ನನಗೆ ಆಟ ಕೈಹಿಡಿದಿದೆ. ಪೆನ್ಷನ್ ದುಡ್ಡು ಬ್ಯಾಂಕಲ್ಲಿ ಸುಮ್ನೆ ಕೂತಿದೆ. ಊರಿಗೆ ಹೋದ ಮೇಲೆ ಕೈಲೊಂದು ಕೆಲಸ ಇದ್ದಂಗಿರುತ್ತೆ.’

ಶ್ರೀಧರ ತುತ್ತು ಬಾಯಿಗಿಡದೆ ನನ್ನ ಕಡೆ ನೋಡಿದ. ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು, ‘ನಿನ್ನ ಕೆಲಸ ಜನರನ್ನ ನಿಲ್ಲಿಸೋದು ಅಂದಿದ್ದೆ ಅಲ್ವಾ?’ ಎಂದ. ಅಷ್ಟೇ. ಜನ್ಮದಲ್ಲಿ ಲಾಟರಿ ಟಿಕೆಟ್ ಮುಟ್ಟದ ಮನುಷ್ಯನಿಗೆ ನಾನೇ ಕೂರಿಸಿ ಜೂಜು ಕಲಿಸಿದ್ದೆ, ಅದೂ ನಿಲ್ಲಿಸುವ ಸಂದೇಶ ಬರೆಯಲೆಂದು!

ಬೆಳಿಗ್ಗೆ ಎದ್ದಾಗ ಒಂದು ವಿಷಯ ಹೊಳೆಯಿತು. ಆ ಮಾದರಿ ಆಟದಲ್ಲಿ ನಾಣ್ಯ ಮುಗಿದರೆ ತಾನಾಗಿಯೇ ಮತ್ತೆ ತುಂಬಿಕೊಳ್ಳುತ್ತಿತ್ತು. ಮಾವನವರು ಸೋತಿದ್ದುಂಟು, ಸೋತದ್ದು ಅವರಿಗೆ ಗೊತ್ತಾಗಿರಲಿಲ್ಲ. ಆಫೀಸಿಗೆ ಫೋನ್ ಮಾಡಿ ಆ ವ್ಯವಸ್ಥೆಯನ್ನು ತೆಗೆಸಿದೆ. ಮಧ್ಯಾಹ್ನದ ಕಾಫಿ ಹೊತ್ತಿಗೆ ಒಳಗಿಂದ ಕೂಗು ಬಂತು.

‘ಏನಮ್ಮಾ, ನಿನ್ನ ಕಂಪ್ಯೂಟರ್ ಕೆಟ್ಟಿದೆ! ನನ್ನ ದುಡ್ಡೆಲ್ಲ ಹೋಯ್ತು!’

‘ಕೆಟ್ಟಿಲ್ಲ ಮಾವ. ಇಷ್ಟು ದಿನ ಖಾಲಿಯಾದಾಗೆಲ್ಲ ಅದೇ ತುಂಬ್ತಿತ್ತು. ಇವತ್ತು ತುಂಬ್ತಾ ಇಲ್ಲ.’

ಅವರು ಖಾಲಿ ಸೊನ್ನೆಯನ್ನೇ ನೋಡುತ್ತ ಕೂತರು. ಆಮೇಲೆ ಬಾಲ್ಕನಿಗೆ ಹೋಗಿ ನಿಂತರು. ನಾನು ಕಾಫಿ ತೆಗೆದುಕೊಂಡು ಹೋದೆ. ಲೋಟ ಹಿಡಿದು ಮೆತ್ತಗೆ ಹೇಳಿದರು, ‘ನಿಜವಾದ ದುಡ್ಡಾಗಿದ್ರೂ ಆಡ್ತಾನೇ ಇರ್ತಿದ್ದೆ ಕಣಮ್ಮ. ನನಗೇ ಭಯ ಆಯ್ತು.’ ನಾನು ಸಕ್ಕರೆ ಸಾಕೇ ಎಂದು ಕೇಳಿದೆ.

ಕಾಫಿ ಮುಗಿಯುವಷ್ಟರಲ್ಲಿ ಅವರೊಳಗಿನ ಮೇಷ್ಟ್ರು ಎಚ್ಚೆತ್ತರು. ‘ನಿನ್ನ ಸಂದೇಶದ್ದೇ ತಪ್ಪು. ಸೋಲ್ತಾ ಇರೋನ ಹತ್ರ ಬಂದು ನಿಲ್ಲಿಸ್ತೀಯಾ ಅಂದ್ರೆ ಅವನಿಗೆ ನೀನೇ ಶತ್ರು. ಆಟಕ್ಕೆ ಕೂರೋ ಮುಂಚೆ ಕೇಳು, ಆಗ ಎಲ್ಲರೂ ಬುದ್ಧಿವಂತರೇ. ಎಷ್ಟು ಹೋದ್ರೆ ಏಳ್ತೀಯಪ್ಪ, ಎದ್ದು ಏನ್ ಮಾಡ್ತೀಯ, ಅಂತ ಅವನ ಕೈಲೇ ಬರೆಸು. ಹೊತ್ತು ಬಂದಾಗ ಅವನ ಮಾತನ್ನೇ ಅವನಿಗೆ ತೋರಿಸು. ನಿನ್ನ ಉಪದೇಶ ಯಾರಿಗೆ ಬೇಕು?’

ಮರುದಿನ ಅವರಿಂದಲೇ ಬರೆಸಿದೆ. ‘ಎದ್ದು ನದಿ ಪಕ್ಕ ವಾಕಿಂಗ್ ಹೋಗುತ್ತೇನೆ’ ಎಂದು ಬರೆದು ಆಟಕ್ಕೆ ಕೂತರು. ಹೇಳಿದಷ್ಟು ನಾಣ್ಯ ಹೋದ ಕೂಡಲೇ ಆ ಸಾಲು ಪರದೆಯ ತುಂಬ ಮೂಡಿತು. ಮಾವನವರ ಕೈ ಅಭ್ಯಾಸಬಲದಿಂದ ಅದನ್ನು ಓಡಿಸಲು ಹೋಯಿತು, ಅರ್ಧಕ್ಕೇ ನಿಂತಿತು. ‘ನಾನೇ ಬರೆದಿದ್ದು. ಏನ್ ಮಾಡ್ಲಿ?’ ಎಂದು ಗೊಣಗಿ, ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಬಾಗಿಲು ಹಾಕಿಕೊಂಡ ಮೇಲೆ ನಾನು ಅಡುಗೆಮನೆಯಲ್ಲಿ ಕುಣಿದೆ.

ಡೆನೀಸಳಿಗೆ ಇದು ಹಿಡಿಸಿತು. ಬರೆದ ಮಿತಿಯನ್ನು ಅದೇ ದಿನ ಏರಿಸುವಂತಿಲ್ಲ ಎಂಬ ನಿಯಮವನ್ನು ಅವಳೇ ಸೇರಿಸಿದಳು. ಕ್ಯಾಸಿನೋದವರು ‘ಜನ ನಿಜವಾಗಿಯೂ ಎದ್ದು ಹೋದರೆ ಹೇಗೆ?’ ಎಂದು ತಲೆ ಕೆರೆದುಕೊಂಡರಂತೆ. ಕೊನೆಗೆ, ಬುದ್ಧಿಯಿಂದ ಆಡುವವರು ನಾಳೆಯೂ ಬರುತ್ತಾರೆ ಎಂದು ಒಪ್ಪಿದರು. ನನ್ನ ಕೆಲಸ ಉಳಿಯಿತು. ಮಾವನವರಂತೂ ಬಿಟ್‌ಕಾಯಿನ್ ಮಾತೆತ್ತಲಿಲ್ಲ. ಶ್ರೀಧರ ಕೆದಕಿದಾಗ, ‘ಪೆನ್ಷನ್ ಬ್ಯಾಂಕಲ್ಲೇ ಕೂತಿರಲಿ ಬಿಡೋ, ಅದಕ್ಕೂ ವಯಸ್ಸಾಗಿದೆ’ ಎಂದರು.

ಈಗ ತಮ್ಮ ಮಾತಿನಂತೆ ಎದ್ದು ಹೋದವರೆಷ್ಟು ಎಂದು ತೋರಿಸುವ ಒಂದು ಪುಟವನ್ನು ಕ್ಯಾಸಿನೋದವರು ನಮಗೆ ಕೊಟ್ಟಿದ್ದಾರೆ. ಎಲ್ಲೋ ಯಾರೋ ಒಬ್ಬರು ಎದ್ದರೆ ಅಲ್ಲಿ ಸಂಖ್ಯೆ ಒಂದು ಮೇಲೇರುತ್ತದೆ. ಅದನ್ನು ಫೋನಿನಲ್ಲಿ ನೋಡುವುದೆಂದರೆ ನನಗೆ ಪರಮಾನಂದ. ಮೊನ್ನೆ ಸಂಜೆ ಟ್ರೈನಿನಲ್ಲಿ ಮನೆಗೆ ಬರುತ್ತ, ಇನ್ನೊಬ್ಬರು ಏಳಲಿ, ಆಮೇಲೆ ಫೋನ್ ಒಳಗಿಡುತ್ತೇನೆ ಎಂದುಕೊಂಡೆ. ಅವರೂ ಎದ್ದರು. ಇನ್ನೊಬ್ಬರೇ ಒಬ್ಬರು ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಹ್ಯಾರಿಸನ್ ದಾಟಿ ಪಕ್ಕದ ಊರು ನ್ಯೂಆರ್ಕಿನ ಕೊನೆಯ ಸ್ಟೇಷನ್ ಬಂದಿತ್ತು. ಅಷ್ಟರಲ್ಲಿ ಮಾವನವರ ಫೋನ್.

‘ಎಲ್ಲಿದ್ದೀಯಮ್ಮಾ? ಸಾರು ಆರ್ತಾ ಇದೆ.’

‘ನ್ಯೂಆರ್ಕಲ್ಲಿ ಮಾವ. ಜನ ಏಳೋದನ್ನ ನೋಡ್ತಾ ಇದ್ದೆ.’

‘ನೋಡ್ತಾ ನೀನು ಏಳೋದನ್ನ ಮರೆತ್ಯಾ?’

ನಗುತ್ತಲೇ ವಾಪಸು ಹೋಗುವ ಟ್ರೈನ್ ಹತ್ತಿದೆ. ಹ್ಯಾರಿಸನ್ ಅಲ್ಲಿಂದ ಒಂದೇ ಸ್ಟೇಷನ್. ಅಷ್ಟರೊಳಗೆ ಒಬ್ಬರಾದರೂ ಎದ್ದಿರಬಹುದಲ್ಲ ಎಂದು, ಸುಮ್ಮನೆ, ಒಂದೇ ಒಂದು ಸಲ, ಬ್ಯಾಗಿಗೆ ಕೈ ಹಾಕಿದೆ.