ಸಮಾಜಶಾಸ್ತ್ರ ಓದಿದವನ ಪಾಡು

ಡಾಕ್ಟರಿಕೆ ಓದಿದವನಿಗೆ ರೋಗಿಗಳು ಸಿಗುತ್ತಾರೆ, ಲಾ ಓದಿದವನಿಗೆ ಕಕ್ಷಿದಾರರು ಸಿಗುತ್ತಾರೆ. ಸಮಾಜಶಾಸ್ತ್ರ ಓದಿದ ನನಗೆ ಸಿಕ್ಕಿದ್ದು ಇಂಥ ಪ್ರಸಂಗಗಳು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಎಮ್ಮೆ ಹೋದ ದಿಕ್ಕು

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನಾನು ಮೈಸೂರಿನಲ್ಲಿ ಬಿ.ಎ.ಗೆ ಸೇರಿದೆ. ಮಳವಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಎಲ್ಲರಿಗೂ, "ನಮ್ಮ ಹುಡುಗ ಸಾಸ್ತ್ರ ಓದ್ತಾವ್ನೆ" ಎಂದು ಹೇಳಿಕೊಂಡು ತಿರುಗಿದರು. ಯಾವ ಶಾಸ್ತ್ರ ಅಂತ ಯಾರೂ ಕೇಳಲಿಲ್ಲ.

ದಸರಾ ರಜಕ್ಕೆ ಊರಿಗೆ ಹೋದ ಮಾರನೆಯ ಬೆಳಿಗ್ಗೆಯೇ ಪಕ್ಕದ ಮನೆಯ ದೊಡ್ಡವ್ವ ಬಂದರು.

"ಮಗ, ನನ್ನ ಎಮ್ಮೆ ನೆನ್ನೆಯಿಂದ ಕಾಣ್ತಿಲ್ಲ. ಯಾವ ದಿಕ್ಕಿಗೆ ಓಗದೋ, ವಸಿ ನೋಡಿ ಯೋಳು."

"ದೊಡ್ಡವ್ವ, ನಾನು ಓದೋದು ಆ ಶಾಸ್ತ್ರ ಅಲ್ಲ."

"ಮೈಸೂರಗಂಟ ಓಗಿ ಓದೀಯೆ, ಒಂದು ದಿಕ್ಕು ಯೋಳಕ್ಕಾಗಲ್ವ?"

ಹಿಂದಿನಿಂದ ಅಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದರು: "ಏನಾದ್ರೂ ಯೋಳ್ಲಾ, ಮಾನ ಕಳೀಬ್ಯಾಡ!"

ಬೇರೆ ದಾರಿ ಕಾಣದೆ, "ಮೂಡಲು" ಅಂದುಬಿಟ್ಟೆ. ಸಂಜೆ ಎಮ್ಮೆ ತಾನಾಗಿಯೇ ಬಂತು, ಪಡುವಲ ಕಡೆಯಿಂದ. ಮಾರನೆಯ ದಿನ ದೊಡ್ಡವ್ವ ನಮ್ಮ ಮನೆಯತ್ತ ಬರುವುದು ಕಂಡು ಕಣಜದ ಹಿಂದೆ ಅವಿತುಕೊಂಡೆ. ಆಕೆ ಒಂದು ಗಡಿಗೆ ಮೊಸರು ತಂದಿಟ್ಟು ಅಮ್ಮನಿಗೆ ಹೇಳುತ್ತಿದ್ದರು: "ನಿನ್ನ ಮಗನ ಸಾಸ್ತ್ರ ಬಲೇ ಚೆಂದಾಗದೆ ಕಣಮ್ಮ. ಕರಾರುವಾಕ್ಕಾಗಿ ಉಲ್ಟಾ ಯೋಳ್ತದೆ. ಇನ್ನು ಮ್ಯಾಕೆ ಏನು ಕಳೆದರೂ ಅವನನ್ನೇ ಕೇಳಿ, ಆಕಡೆ ಬುಟ್ಟು ಈಕಡೆ ಉಡುಕ್ತೀನಿ."

ಉಣ್ಣೆ ತೊಟ್ಟ ಮಕ್ಕಳು

ಮೂರನೆಯ ವರ್ಷ ನಮ್ಮ ಮೇಷ್ಟ್ರು ನಮ್ಮನ್ನು ಬಂಡೂರಿನ ಕಡೆಗೆ ಕುಟುಂಬಗಳ ಸಮೀಕ್ಷೆ ಮಾಡಿಕೊಂಡು ಬರಲು ಕಳಿಸಿದರು. ಮನೆಮನೆಗೆ ಹೋಗಿ ಕೇಳುವುದು, ಪಟ್ಟಿ ತುಂಬುವುದು, ಅಷ್ಟೇ. ನನ್ನ ಜೊತೆಗಾರ ಮೈಸೂರಿನ ಅಗ್ರಹಾರದವನು. ಹಳ್ಳಿಯನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದ. ನಾನು ಒಂದು ಬೀದಿ ಹಿಡಿದೆ, ಅವನು ಇನ್ನೊಂದು.

ಅವನು ಒಬ್ಬ ಯಜಮಾನನ ಬಾಯಿಮಾತು ಕೇಳಿಯೇ ತುಂಬಿ ತಂದ ಒಂದು ಹಾಳೆಯನ್ನು ನೋಡಿ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ತರಗತಿಗೆಲ್ಲ ಗಟ್ಟಿಯಾಗಿ ಓದಿದರು: "ಒಂದೇ ಸೂರಿನಡಿ ಮಲಗುವವರು, ಇಪ್ಪತ್ತೊಂಬತ್ತು. ಅದರಲ್ಲಿ ಮೂರು ವರ್ಷದೊಳಗಿನವು, ಇಪ್ಪತ್ತನಾಲ್ಕು! ವಿದ್ಯೆ, ಒಂದಕ್ಕೂ ಇಲ್ಲ. ದಿನದ ಕೆಲಸ, ತಿನ್ನುವುದು, ತಿರುಗುವುದು. ಉಡುಪು, ಮೈತುಂಬ ಉಣ್ಣೆ! ನೋಡಿ, ಎಷ್ಟು ಬಡತನವಿದ್ದರೂ ಮಕ್ಕಳನ್ನು ಬೆಚ್ಚಗಿಟ್ಟಿದ್ದಾರೆ. ಈ ಕುಟುಂಬವನ್ನು ನಾನು ಕಣ್ಣಾರೆ ಕಾಣಲೇಬೇಕು."

ನನಗೆ ಅಲ್ಲೇ ಅನುಮಾನ ಬಂತು. ಆದರೆ ಅಷ್ಟು ಸಂತೋಷದಲ್ಲಿದ್ದ ಗುರುಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಭಾನುವಾರ ಅವರು ಜರಿ ಪೇಟ ಸುತ್ತಿಕೊಂಡು, ಮಕ್ಕಳಿಗೆಂದು ಒಂದು ಪೊಟ್ಟಣ ಪೆಪ್ಪರಮೆಂಟು ಹಿಡಿದು, ನಮ್ಮಿಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಮನೆಯ ಯಜಮಾನ ಕೈಮುಗಿದು ಬರಮಾಡಿಕೊಂಡ. ಮೇಷ್ಟ್ರು, "ಎಲ್ಲಿವೆಯಪ್ಪ ನಿನ್ನ ಚಿಕ್ಕವೆಲ್ಲ? ಕರಿ, ನೋಡೋಣ" ಅಂದರು. ಅವನು ಹಿತ್ತಿಲ ಕಡೆ ತಿರುಗಿ ನಾಲಿಗೆಯಲ್ಲಿ ಟ್ರ್ರ್ರ್ ಅಂದ. ಗಿಡ್ಡ ಕಾಲಿನ, ದುಂಡು ಮೈಯ ಇಪ್ಪತ್ತನಾಲ್ಕು ಕುರಿಗಳು ಓಡಿಬಂದು ಮೇಷ್ಟ್ರ ಪಂಚೆಯ ಸುತ್ತ ನಿಂತವು. ಮೇಷ್ಟ್ರು ಕುರಿಗಳನ್ನು ನೋಡಿದರು, ಪೊಟ್ಟಣ ನೋಡಿದರು, ನನ್ನ ಜೊತೆಗಾರನನ್ನು ನೋಡಿದರು.

ಯಜಮಾನ ಮಾತ್ರ ಬಹಳ ವಿನಯದಿಂದ ಹೇಳಿದ: "ಎಲ್ಲಕ್ಕೂ ಒಂದೊಂದು ಕೊಟ್ಬುಡಿ ಬುದ್ಧಿ. ಒಂದಕ್ಕೆ ಕೊಟ್ಟು ಒಂದಕ್ಕೆ ಬುಟ್ರೆ ಕಿತ್ತಾಡ್ತವೆ."

ಹೆಣ್ಣು ನೋಡಲು ಹೋದದ್ದು

ಬಿ.ಎ. ಆಯಿತು, ಕೆಲಸ ಆಗಲಿಲ್ಲ. ಅಷ್ಟರಲ್ಲಿ ಮದ್ದೂರಿನಲ್ಲಿ ಒಂದು ಸಂಬಂಧ ಬಂತು. ಹುಡುಗಿಯನ್ನು ಬಾಗಿಲ ಸಂದಿಯಲ್ಲಿ ಅರ್ಧ ಗಳಿಗೆ ಕಂಡಿದ್ದೇ ತಡ, ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿಬಿಟ್ಟೆ. ಆದ್ದರಿಂದ ಆಕೆಯ ತಂದೆ ಪ್ರಶ್ನೆ ಹಾಕತೊಡಗಿದಾಗ ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕೂತೆ.

"ಲಾಯರ್ರಾ?"

"ಅಲ್ಲ."

"ಓವರ್ಸೀಯರ್ರಾ?"

"ಅಲ್ಲ. ಸಮಾಜಶಾಸ್ತ್ರ."

"ಅಂಗಂದ್ರೆ?"

"ಜನ ಹೇಗೆ ಬದುಕ್ತಾರೆ, ಯಾರ ಮನೇಲಿ ಯಾರ ಮಾತು ನಡೆಯುತ್ತೆ, ಅಣ್ಣತಮ್ಮಂದಿರು ಯಾಕೆ ಬೇರೆಯಾಗ್ತಾರೆ, ಅದನ್ನೆಲ್ಲ ವಿಚಾರಿಸಿ ತಿಳಿದುಕೊಳ್ಳೋದು."

ಅವರು ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ತಮ್ಮ ತಾಯಿಯ ಕಡೆ ತಿರುಗಿದರು: "ಅವ್ವಾ, ಇಷ್ಟು ವರ್ಸದಿಂದ ನೀನು ಜಗಲಿ ಮ್ಯಾಲೆ ಕುಂತು ಮಾಡೋ ಕೆಲಸಕ್ಕೆ ಮೈಸೂರಲ್ಲಿ ಬಿ.ಎ. ಕೊಡ್ತಾರಂತೆ ಕಣವ್ವ!"

ಎಲ್ಲರೂ ನಕ್ಕರು. ಈ ಸಂಬಂಧ ಹೋಯಿತು ಅಂದುಕೊಂಡೆ. ಅಜ್ಜಿ ಮಾತ್ರ ನಗಲಿಲ್ಲ. ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿ ನೋಡಿ, "ಕೊಟ್ಬುಡ್ಲಾ ಹೆಣ್ಣ" ಅಂದರು. "ನಂಗೂ ವಯಸ್ಸಾಯ್ತು. ಆಚೆ ಬೀದಿ ಸಮಾಚಾರ ಒಬ್ಬಳ ಕೈಲಿ ಸಂಬಾಳ್ಸಕ್ಕಾಗಲ್ಲ."

ಗುಟ್ಟಿನ ಓಟು

ಮದುವೆಯಾದ ಮೇಲೆ ಮಂಡ್ಯದಲ್ಲಿ ವಯಸ್ಕರ ಶಾಲೆಯ ಮೇಷ್ಟ್ರ ಕೆಲಸ ಸಿಕ್ಕಿತು, ಹಂಗಾಮಿ. ಸ್ವಾತಂತ್ರ್ಯ ಇನ್ನೇನು ಬಂತು ಅನ್ನುವ ದಿನಗಳು. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಹೆಂಡತಿ ಆಗ ತುಂಬಿದ ಬಸುರಿ.

ಇನ್‌ಸ್ಪೆಕ್ಟರು ಬರುವ ಭಾನುವಾರ ಮಧ್ಯಾಹ್ನಕ್ಕೆ ಓಟಿನ ಪಾಠ ಇಟ್ಟುಕೊಂಡೆ. ತರಗತಿಗೆ ಒಬ್ಬ ಮುಖಂಡನನ್ನು ಆರಿಸಬೇಕು. ನಿಂತವರು ಇಬ್ಬರು: ಒಬ್ಬ ಗೌಡರು, ಒಬ್ಬ ಬಡಗಿ. ಕಂಬಳಿ ಇಳಿಬಿಟ್ಟು ಅದರ ಹಿಂದೆ ಎರಡು ಮಡಕೆ ಇಟ್ಟೆ. ಹನ್ನೆರಡು ಜನರಿಗೆ ಒಂದೊಂದು ಹುಣಿಸೆ ಬೀಜ ಕೊಟ್ಟು, "ಬೇಕಾದವರ ಮಡಕೆಗೆ ಹಾಕಿ. ಆದರೆ ಜೋಪಾನ, ನಿಮ್ಮ ಓಟು ಯಾರಿಗೆಂದು ನರಪಿಳ್ಳೆಗೂ ತಿಳಿಯಬಾರದು" ಎಂದು ಮೂರು ಮೂರು ಸಲ ಹೇಳಿದೆ.

ಎಲ್ಲರೂ ಗಂಭೀರವಾಗಿ ಒಬ್ಬೊಬ್ಬರೇ ಕಂಬಳಿಯ ಹಿಂದೆ ಹೋಗಿ ಬಂದರು. ಇನ್‌ಸ್ಪೆಕ್ಟರು ತಲೆದೂಗಿದರು. ತಾವೇ ಎದ್ದು ಮೊದಲನೆಯ ಮಡಕೆ ಬೋರಲು ಹಾಕಿದರು. ಖಾಲಿ. ಎರಡನೆಯದನ್ನೂ ಹಾಕಿದರು. ಅದೂ ಖಾಲಿ.

"ಏನ್ರೀ ಇದು?" ಅಂದರು. ನಾನು ಮಡಕೆಯೊಳಗೆ ಕೈಹಾಕಿ ತಡಕಿದೆ.

ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತರು. "ಸ್ವಾಮಿ, ಯಾರಿಗೂ ತಿಳೀಬಾರ್ದು ಅಂತ ಮೇಷ್ಟ್ರೇ ಯೋಳವ್ರೆ. ಮಡಕೇಲಿ ಆಕಿದ್ರೆ ಈಗ ನಿಮಗೆ ಗೊತ್ತಾಗೋಗ್ತಿರ್ನಿಲ್ವ?" ಎಂದು ಸೊಂಟದ ಗಂಟು ಬಿಚ್ಚಿ ಬೀಜ ತೋರಿಸಿದರು. ಒಬ್ಬರ ಹಿಂದೆ ಒಬ್ಬರು ಗಂಟು ಬಿಚ್ಚಿದರು. ಎಣಿಸಿದರೆ ಹನ್ನೊಂದು.

"ಇನ್ನೊಂದು ಎಲ್ಲಿ?"

ಮೂಲೆಯಲ್ಲಿ ಬಸ್ಸಿನ ಮೆಕ್ಯಾನಿಕ್ಕು ಸಾಬರು ಟೋಪಿ ಸರಿಮಾಡಿಕೊಂಡು ನಿಧಾನವಾಗಿ ಎದ್ದರು. "ಗಂಟು ಅಂದ್ರೆ ಯಾರಾದ್ರೂ ಬಿಚ್ಚಿಸ್ಬೋದು ಅಂತ ನಂಗೆ ಡೌಟಿತ್ತು ಸಾರ್," ಅಂದರು. "ನುಂಗ್‌ಬುಟ್ಟೆ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ಆಮೇಲೆ ತಪಾಸಣೆ ಪುಸ್ತಕದಲ್ಲಿ ನನ್ನ ಕೆಲಸ ಕಾಯಂ ಮಾಡಬಹುದೆಂದು ಶಿಫಾರಸು ಬರೆದು, ಕೆಳಗೆ ಒಂದು ಸಾಲು ಸೇರಿಸಿದರು: "ಈ ಮೇಷ್ಟರ ಪಾಠ ವಿದ್ಯಾರ್ಥಿಗಳ ತಲೆಗೆ ಹೋಗಿದೆಯೋ ತಿಳಿಯದು. ಒಬ್ಬರ ಹೊಟ್ಟೆಗಂತೂ ಖಂಡಿತ ಹೋಗಿದೆ."