ಸದ್ದು ಮಾಡದ ಪೇಟಿ

ಈ ಸಲದ ಚೌತಿಗೆ ಗೋವಾದ ಡಿಚೋಲಿಯ ಕನ್ನಡ ಸಂಘದಾಗ ನನ್ನ ಹಾರ್ಮೋನಿಯಂ ಪೇಟಿ ಕೇಳಿ ಜನ ಕೈಯಾಗಿನ ಚಹಾ ಕುಡಿಯೋದನ್ನ ಮರೀಬೇಕು! ಹಂಗಂತ ನಾನು, ಅಂದ್ರ ಬಿಂದುಮಾಧವ, ಶಪಥ ಮಾಡಿದೆ. ನಾನು ಧಾರವಾಡದವ. ನಮ್ಮೂರಾಗ ಹುಟ್ಟಿದವರಿಗೆ ಸಂಗೀತ ಬರ್ತದೋ ಇಲ್ಲೋ, ಬರ್ತದ ಅನ್ನೋ ಧೈರ್ಯ ಮಾತ್ರ ಹುಟ್ಟುತ್ತಲೇ ಬಂದಿರ್ತದ.

ನಾನು ಲೆಕ್ಕ ಬರಿಯೋ ಅಂಗಡಿ, ಗೋವಾದ ಉಳಿದ ಅಂಗಡಿಗಳಂಗ, ಮಧ್ಯಾಹ್ನ ಒಂದಕ್ಕ ಬಾಗಿಲು ಹಾಕಿದ್ರ ನಾಲ್ಕಕ್ಕ ತೆಗಿಯೋದು. ಮೀನು ಅನ್ನ ಉಂಡು ಊರಿಗೆ ಊರೇ ಮಲಗತದ. ಆ ಹೊತ್ತಿಗೆ ನಾನು ಪೇಟಿ ತಗದು ಕೂಡತಿದ್ದೆ.

ಒಂದಿನ ಹೆಂಡತಿ ಮೃದುಲಾ ಮಾರಿ ಸಣ್ಣದು ಮಾಡ್ಕೊಂಡು ಮ್ಯಾಲೆ ಬಂದ್ಲು. ಕೆಳಗಿನ ಮನಿಯಾಗಿರೋ ಗೌರಿಬಾಯಿ ನಮ್ಮ ಮಾಲಕಿ.

"ಇನ್ನೊಮ್ಮೆ ಪೇಟಿ ಕೇಳಿಸಿದ್ರ ಮನಿ ಖಾಲಿ ಮಾಡ್ರಿ ಅಂದಾರ್ರಿ" ಅಂದ್ಲು.

ಈ ಮನಿ ಸಿಗೋದರಾಗ ನನ್ನ ಚಪ್ಪಲಿ ಸವದು ಹೋಗಿದ್ವು. ಚಲೋ ಗಾಳಿ, ಬೇಕಾದಷ್ಟು ನೀರು, ಮೃದುಲಾ ಕಲಿಸೋ ಸಾಲಿ ಎದುರಿಗೇ. ಇದನ್ನ ಬಿಡೋದು ಸಾಧ್ಯ ಇಲ್ಲ. ಚೌತಿಯ ಶಪಥ ಬಿಡೋದೂ ಸಾಧ್ಯ ಇಲ್ಲ. ಸದ್ದು ಮಾಡದ ವಾದ್ಯ ಹುಡುಕೋದೊಂದೇ ದಾರಿ ಉಳೀತು.

ಮೊದಲು ಪೇಟಿ ಮ್ಯಾಲೆ ಅವ್ವ ಹೊಲಿದ ಕೌದಿ ಹೊಚ್ಚಿದೆ. ಪೇಟಿಗೆ ಉಸಿರು ಕಟ್ಟಿ, ದಮ್ಮಿನ ರೋಗಿಯಂಗ ಮುಲಗಾಕ ಹತ್ತಿತು. ಆಮ್ಯಾಲೆ ಮಾಪ್ಸಾ ಸಂತಿಯಿಂದ ಒಂದು ಕೊಳಲು ತಂದೆ. ಎಷ್ಟು ಊದಿದ್ರೂ ಬರೇ ಗಾಳಿ. ಬಾಡಿಗಿ ಮನಿಗೆ ಅದಕ್ಕಿಂತ ಯೋಗ್ಯವಾದ ವಾದ್ಯ ಭೂಮಂಡಲದಾಗ ಇಲ್ಲ, ಖರೇ. ಆದ್ರ ಸಂಘದವರು ಕೂತು ಏನು ಕೇಳಬೇಕು?

ಕಡೀಕ ಪಣಜಿಯ ಅಂಗಡಿಯವ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತೋರಿಸಿದ. ಹೆಡ್‌ಫೋನ್ ಹಾಕ್ಕೊಂಡ್ರ ಬಾರಿಸೋದು ಬಾರಿಸಿದವನಿಗಷ್ಟ ಕೇಳಿಸ್ತದ, ಪಕ್ಕದಾಗ ಮಲಗಿದ ಬೆಕ್ಕಿಗೂ ಗೊತ್ತಾಗೂದಿಲ್ಲ ಅಂದ. ಆಹಾ, ವಿಜ್ಞಾನವೇ! ಎರಡನ್ನೂ ಕೊಂಡು ತಂದೆ. ಮೃದುಲಾನೂ ಭಾಳ ಖುಷಿಯಾಗಿ, ನಿಶ್ಚಿಂತಿಯಿಂದ ತಂಗಿಯ ಬಾಣಂತನಕ್ಕ ಬೆಳಗಾವಿಗೆ ಹೋದ್ಲು.

ನಾನು ದಿನಾ ಮಧ್ಯಾಹ್ನ ಹೆಡ್‌ಫೋನ್ ಬಿಗಿದು ಸಾಧನಾ ಶುರು ಮಾಡಿದೆ. ಬೆರಳು ಯಾವ ಸ್ವರಕ್ಕ ಹೋಗ್ತದೋ ಬಾಯೂ ಅದೇ ಸ್ವರಕ್ಕ ಹೋಗಬೇಕು ಅಂತ ನಮ್ಮ ಗುರುಗಳು ಕಲಿಸಿದ್ದರು. ಹೋಗ್ತಿತ್ತು. ಕಿವಿಯೊಳಗ ಪೇಟಿ ತುಂಬಿತ್ತು, ಬಾಯಿ ಎಲ್ಲಿಗೆ ಹೊಂಟದ ಅಂತ ನನಗ ಕೇಳಿಸ್ತಿರಲಿಲ್ಲ, ಅಷ್ಟ.

ಒಂದಿನ ಕರುಣಾರಸದ ರಾಗ ಹಿಡಿದಿದ್ದೆ. ಕಣ್ಣು ಮುಚ್ಚಿ, ಎಳದೆಳದು, ಮ್ಯಾಲಿನ ಸ್ವರಕ್ಕ ಹೋಗಿ ಅಲ್ಲೇ ನಿಂತಿದ್ದೆ. ಯಾರೋ ಭುಜ ಅಲುಗಿಸಿದ್ರು. ಕಣ್ಣು ತೆಗೆದ್ರ ಬ್ಯಾಗು ಹಿಡಿದ ಮೃದುಲಾ! ಅವಳ ಹಿಂದ ಗಂಜಿ ಪಾತ್ರಿ ಹಿಡಿದ ಗೌರಿಬಾಯಿ, ಕಣ್ಣಾಗ ನೀರು.

ಹೆಡ್‌ಫೋನ್ ತೆಗೆದೆ. ಗೌರಿಬಾಯಿಯ ತವರು ಕಾರವಾರ, ಕನ್ನಡ ಚಲೋ ಬರ್ತದ. ಅವರೇ ಎಲ್ಲಾ ಹೇಳಿದ್ರು. ಹೆಂಡತಿ ಹೋದ ದಿನದಿಂದ ನಾನು ಒಬ್ಬನೇ ಕೂತು ಗೋಳೋ ಅಂತ ಅಳ್ತೀನಂತ. ಅವರ ಕರುಳು ಚುರುಕ್ ಅಂತಂತ. ತಡೀಲಾರದೆ ಬೆಳಗಾವಿಗೆ ಫೋನ್ ಮಾಡಿ, ಸಿಕ್ಕ ಬಸ್ ಹತ್ತಿ ಬಾ ಅಂತ ಮೃದುಲಾನ್ನ ಕರೆಸ್ಯಾರಂತ.

"ಬಾಯಿ, ನಾನು ಅಳಾಕತ್ತಿರಲಿಲ್ರಿ. ಹಾಡಾಕತ್ತಿದ್ದೆ."

"ಹಾಡೋದಾ?" ಅಂದ್ರು ಗೌರಿಬಾಯಿ. ಮೊದಲಿಗಿಂತ ಹೆಚ್ಚು ಕನಿಕರದಿಂದ ನನ್ನ ನೋಡಿದ್ರು.

ನನಗ ಮನಿಯ ಚಿಂತಿ ಹತ್ತಿತು. ತಪ್ಪಾತು, ಇನ್ನ ಮ್ಯಾಲೆ ಉಸಿರೂ ಬಿಡೂದಿಲ್ಲ, ಖಾಲಿ ಮಾತ್ರ ಮಾಡಸಬ್ಯಾಡ್ರಿ ಅಂತ ಕೈ ಮುಗಿದೆ.

"ಖಾಲಿ? ಯಾರು ಹೇಳಿದ್ದು ಬಾಬಾ? ಆ ಪೇಟಿ ಕೇಳ್ತಾ ನನಗೆ ಎಷ್ಟು ಚಲೋ ನಿದ್ದೆ ಬರ್ತಿತ್ತು. ಅದನ್ನೇ ಬಾರಿಸು. ಅದು ಇದ್ದಾಗ ನಿನ್ನ ದನಿ ಕೇಳಿಸ್ತಿರಲಿಲ್ಲ."

ಎದಿ ಮ್ಯಾಲಿನ ಭಾರ ಇಳಿದಂಗಾತು. ಮನಿ ಉಳೀತು, ಪೇಟಿ ಉಳೀತು, ಮಾನ ಒಂದು ಹೋತು, ಹೋಗಲಿ. ಹಂಗಾದ್ರ ಖಾಲಿ ಮಾಡ್ರಿ ಅಂದವರು ಯಾರು? ಮೃದುಲಾನ ಕಡೆ ತಿರುಗಿದೆ. ಆಕಿ ತಲಿ ಎತ್ತದೆ ಗಂಜಿ ಬಡಸಾಕ ಹತ್ತಿದ್ದಳು.

"ನಾನು ಹೇಳಿದ್ರ ನೀವು ನಿಲ್ಲಿಸ್ತಿದ್ರೇನ್ರಿ? ಸಾಲಿಯಿಂದ ಬಂದು ನಾನೂ ಚೂರು ಮಲಗಬೇಕಲ್ಲ" ಅಂದ್ಲು.

ಈಗ ದಿನಾ ಮಧ್ಯಾಹ್ನ ರಾಜಾರೋಷವಾಗಿ ಪೇಟಿ ಬಾರಿಸ್ತೀನಿ. ಕೆಳಗ ಗೌರಿಬಾಯಿ ಸುಖವಾಗಿ ಮಲಗ್ತಾರ. ಪಣಜಿಯಿಂದ ತಂದ ಹೆಡ್‌ಫೋನೂ ದಂಡ ಆಗಿಲ್ಲ. ಅದನ್ನ ಕಿವಿಗೆ ಬಿಗಿದುಕೊಂಡು ಒಳಗಿನ ಖೋಲಿಯಾಗ ಮೃದುಲಾ ಮಲಗ್ತಾಳ. ಅದರ ವೈರು ಯಾವುದಕ್ಕೂ ಚುಚ್ಚಿರೂದಿಲ್ಲ.