ಗಾಳಿ ಹಿಡಿದ ಗಾಡಿ

ಯಂತ್ರಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಯಾರ ಮುಂದೆ ಹೇಳಿದರೂ ನಗುತ್ತಾರೆ, ಆದರೆ ಮಾತು ನಿಜ. ನಾನು ಮುಟ್ಟಿದ ಮಿಕ್ಸರು ಸುಟ್ಟ ವಾಸನೆ ಬಿಡುತ್ತದೆ. ನಾನು ಗುಂಡಿ ಒತ್ತಿದರೆ ಬೋರಿನ ಮೋಟರು ಗುರ್ ಎಂದು ಸುಮ್ಮನಾಗುತ್ತದೆ. ನನ್ನ ಸ್ಕೂಟರನ್ನು ಕೂಡ ಬೆಳಿಗ್ಗೆ ಹೆಂಡತಿಯೇ ಚಾಲೂ ಮಾಡಿ, ಮದುಮಗನನ್ನು ಕುದುರೆ ಹತ್ತಿಸಿದಂತೆ ಹತ್ತಿಸಿ ಕಳಿಸುತ್ತಾಳೆ. ಚಿಕ್ಕೋಡಿ ಪೇಟೆಯಲ್ಲಿ ನನಗೊಂದು ಸೀರೆ ಅಂಗಡಿ ಇದೆ. ಸೀರೆಗೆ ಎಂಜಿನ್ ಇಲ್ಲ ಎಂಬ ಒಂದೇ ಕಾರಣಕ್ಕೆ ಆ ವ್ಯಾಪಾರ ಹಿಡಿದವನು ನಾನು. ಇಂಥವನ ಕೊರಳಿಗೆ ಕಳೆದ ಮಳೆಗಾಲದಲ್ಲಿ ಒಂದು ಲಾರಿ ಬಂದು ಬಿತ್ತು.

ಲಾರಿ ನನ್ನ ಅಣ್ಣನದು. ನಮ್ಮೂರು ಕರೋಶಿಯಲ್ಲಿ ನಮ್ಮಿಬ್ಬರ ಮನೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿವೆ. ಅಣ್ಣ ನಿಪ್ಪಾಣಿಯ ತಂಬಾಕು ಹೇರುತ್ತಿದ್ದ, ಹಂಗಾಮಿನಲ್ಲಿ ಕಬ್ಬು ಹೇರುತ್ತಿದ್ದ, ಎರಡೂ ಇಲ್ಲದಾಗ ಇಟ್ಟಿಗೆ. ಡೀಸೆಲ್ಲಿಗೆ ಅವನು ಎಣ್ಣೆ ಎನ್ನುತ್ತಿದ್ದ. ಮಗಳನ್ನು ರಾಯಬಾಗಕ್ಕೆ ಕೊಟ್ಟ ಹೊಸದರಲ್ಲಿ ಬೀಗರು ಬಂದಾಗ, "ಕೂಡ್ರಿ, ಹಿಂಗ ಹೋಗಿ ಒಂಚೂರು ಎಣ್ಣಿ ಹಾಕ್ಕೊಂಡ ಬಂದಬಿಡ್ತೇನಿ" ಎಂದು ಎದ್ದು ಹೋಗಿದ್ದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಅನುಮಾನ ಹೋಗಬೇಕಾದರೆ ಅವನು ಲಾರಿ ತಂದು ಅಂಗಳದಲ್ಲಿ ನಿಲ್ಲಿಸಬೇಕಾಯಿತು. ಎಣ್ಣೆ ಹಾಕಿಸಲು ಅವನು ಕೊಗನೊಳ್ಳಿಯವರೆಗೂ ಹೋಗುತ್ತಿದ್ದ. ಕೊಲ್ಹಾಪುರ ಕಡೆಯ ಗಾಡಿಗಳು ಗಡಿ ದಾಟಿ ಬಂದು ಸಾಲು ಹಚ್ಚುವ ಪಂಪಿನಲ್ಲಿ ಎಣ್ಣೆ ನಿಂತು ಹಳಸುವುದಿಲ್ಲ ಎಂದು ಅವನ ನಂಬಿಕೆ.

ಆಮೇಲೆ ಆ ಎಣ್ಣೆಯೇ ಬದಲಾಯಿತು. ಹೊಗೆ ಕಡಿಮೆಯಾಗಲೆಂದು ಅದರೊಳಗಿನ ಗಂಧಕವನ್ನು ತೆಗೆದರಂತೆ. ಊರಿಗೆ ಒಳ್ಳೆಯದಾಯಿತು, ಅಣ್ಣನಿಗೆ ಸಿಟ್ಟು ಬಂತು. "ಈ ಎಣ್ಣ್ಯಾಗ ಜಿಡ್ಡ ಇಲ್ಲ, ಖಾರ ಇಲ್ಲ. ಬ್ಯಾನಿ ಬಂದವ್ರಿಗೆ ಮಾಡಿದ ಸಾರು ಇದ್ದಂಗ ಐತಿ ತಮ್ಮಾ" ಎನ್ನುತ್ತಿದ್ದ. ವೈನಿಯ ತಕರಾರು ಬೇರೆ. ವೈನಿ ಎಂದರೆ ನನ್ನ ಅತ್ತಿಗೆ, ಸದಲಗಾದವರು, ಅಣ್ಣನ ಅಂಗಿಯ ಡೀಸೆಲ್ ವಾಸನೆಯನ್ನು ಮದುವೆಯಾದಾಗಿನಿಂದ ಬೈಯುತ್ತ ಬಂದವರು. ಹೊಸ ಎಣ್ಣೆ ಬಂದ ಮೇಲೆ ವಾಸನೆ ಹೆಚ್ಚುಕಡಿಮೆ ಹೋಗಿಯೇಬಿಟ್ಟಿತು. ಬೈಯಲು ಏನೂ ಉಳಿಯದೆ ವೈನಿ ಅಂಗಿಯನ್ನು ಮೂಗಿಗೆ ಹಿಡಿದು, "ಇದೇನ್ ನಿಮ್ಮ ಅಂಗಿ ಹೌದೋ ಅಲ್ಲೋ?" ಎಂದು ಕೇಳುತ್ತಿದ್ದರು. ಆಗ ನಾವೆಲ್ಲ ನಕ್ಕಿದ್ದೆವು. ಈಗ ಗೂಟಕ್ಕೆ ತೂಗುಬಿದ್ದಿರುವ ಆ ಅಂಗಿಗಳನ್ನು ವೈನಿ ಮೂಗಿಗೆ ಹಿಡಿಯುತ್ತಾರೆ, ಅವುಗಳಲ್ಲಿ ಸಾಬೂನಿನ ವಾಸನೆ ಬಿಟ್ಟು ಏನೂ ಇಲ್ಲ.

ಅಣ್ಣ ನಿಪ್ಪಾಣಿಯಲ್ಲಿ ಲೋಡಿಗೆ ಹಗ್ಗ ಬಿಗಿಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಲಾರಿಯನ್ನು ಮತ್ತೊಬ್ಬ ಡ್ರೈವರ್ ತಂದು ಅಂಗಳದಲ್ಲಿ ನಿಲ್ಲಿಸಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು ಹೋದ. ದಿನಕರ್ಮಗಳೆಲ್ಲ ಮುಗಿದು ನೆಂಟರು ಖಾಲಿಯಾದ ಮೇಲೆ ವೈನಿ ನನ್ನನ್ನು ಕರೆದು, "ತಮ್ಮಾ, ಅವರು ದಿನಾ ಮುಂಜಾನೆ ಗಾಡಿ ಚಾಲೂ ಮಾಡ್ತಿದ್ರು. ನಿಂತ್ರ ಹಾಳಾಕ್ಕೈತಿ ಅಂತಿದ್ರು. ನೀ ಒಂದಿಷ್ಟು ನೋಡ್ಕೊ" ಎಂದರು. ಬೇರೆ ಯಾರಾದರೂ ಹೇಳಿದ್ದರೆ ಅಂಗಡಿಯ ನೆಪ ಹೇಳುತ್ತಿದ್ದೆ. ವೈನಿ ಅಷ್ಟರಲ್ಲೇ ಎಷ್ಟು ಸೊರಗಿದ್ದರೆಂದರೆ ಕೈಯಲ್ಲಿ ಉಳಿದಿದ್ದ ಬಂಗಾರದ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಹೂಂ ಎಂದೆ.

ಮರುದಿನ ಮುಂಜಾನೆ ಹತ್ತಿ ಕುಳಿತು ಕೀಲಿ ತಿರುವಿದೆ. ಲಾರಿ ಕೆಮ್ಮಿತು, ನಡುಗಿತು, ಬಿಳಿ ಹೊಗೆ ಉಗುಳಿತು, ಸುಮ್ಮನಾಯಿತು. ಮತ್ತೆ ತಿರುವಿದೆ. ಓಣಿಯ ಜನ ಹಲ್ಲುಜ್ಜುತ್ತ ಬಂದು ಸುತ್ತ ನಿಂತರು. ಎಲ್ಲರ ಬಾಯಲ್ಲಿ ನೊರೆ ಇದ್ದುದರಿಂದ ಯಾರು ಏನು ಸಲಹೆ ಕೊಡುತ್ತಿದ್ದಾರೆಂದು ತಿಳಿಯಲಿಲ್ಲ. ಕೊನೆಗೆ ಹೆದ್ದಾರಿಯ ಪಕ್ಕದ ದಸ್ತಗೀರ ಮಿಸ್ತ್ರಿಗೆ ಹೇಳಿಕಳಿಸಿದೆ. ಅಣ್ಣನ ಜೊತೆ ಅವನದು ಹಳೆಯ ಗೆಳೆತನ. ಬಂದವನೇ ಬ್ಯಾಟರಿಯನ್ನು ಬೈದ, ಫಿಲ್ಟರನ್ನು ಬೈದ, ಅದು ತಯಾರಾದ ಇಡೀ ಮಹಾರಾಷ್ಟ್ರವನ್ನೂ ಒಂದು ಸುತ್ತು ಬೈದು, ಬಾನೆಟ್ಟಿನೊಳಗಿಂದ ತಲೆ ಎತ್ತಿ ಹೇಳಿದ: "ಸಾವಕಾರ್ರ, ಗಾಡಿಗೆ ಗಾಳಿ ಹಿಡದೈತ್ರಿ."

ನಾನು ಲಾರಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಕಡೆ ಗಾಳಿ ಹಿಡಿಯುವುದೆಂದರೆ ಆಸೆ ಉಳಿಸಿಕೊಂಡು ಸತ್ತವರು ಬಂದು ಸೇರಿಕೊಳ್ಳುವುದು. ತಿರುಗಿ ನೋಡಿದರೆ ಬಾಗಿಲಲ್ಲಿ ವೈನಿ ನಿಂತಿದ್ದಾರೆ. ಮಿಸ್ತ್ರಿ ಮಾತ್ರ ತನ್ನ ಪಾಡಿಗೆ ವಿವರಿಸುತ್ತಿದ್ದ. "ಪಂಪಿನ್ಯಾಗ ರಬ್ಬರ್ ವಾಷರ್ ಅದಾವಲ್ರಿ, ಅವು ಹಳೆ ಎಣ್ಣಿ ಕುಡದು ಉಬ್ಬಿ ಗಟ್ಟಿ ಕುಂತಿದ್ದು. ಹೊಸಾ ಎಣ್ಣಿ ಬಂದ ಮ್ಯಾಲೆ ಸೊರಗ್ಯಾವ. ಸಂದಿನ್ಯಾಗಿಂದ ಗಾಳಿ ಒಳಗ ಹೊಕ್ಕು ಎಣ್ಣಿ ಹಿಂದಕ್ಕ ಸರದಬಿಡತೈತಿ. ನಿಮ್ಮಣ್ಣಾರು ದಿನಾ ಕೈಪಂಪು ಹೊಡದು ಗಾಳಿ ತಗದು ಚಾಲೂ ಮಾಡತಿದ್ರು." ಅಣ್ಣ ಆ ತಾಪತ್ರಯವನ್ನು ನನಗೆ ಹೇಳಿರಲಿಲ್ಲ, ಹೇಳಿ ಪ್ರಯೋಜನವಿಲ್ಲ ಎಂದು ಬಿಟ್ಟಿರಬೇಕು. ಹೊಸ ವಾಷರು ನಿಪ್ಪಾಣಿಯಿಂದ ಬರಬೇಕು, ಅಲ್ಲಿಯವರೆಗೆ ನೀವೂ ಹಾಗೇ ಮಾಡಿ ಎಂದು ಮಿಸ್ತ್ರಿ ಒಂದು ತಿರುಪು ಸಡಿಲಿಸಿ, ಕೈಪಂಪಿನ ಗುಂಡಿಯನ್ನು ನನ್ನ ಅಂಗೈಗೆ ಕೊಟ್ಟ. ಒತ್ತುತ್ತ ಹೋದರೆ ತಿರುಪಿನ ಸಂದಿಯಿಂದ ಬುಳುಬುಳು ಗುಳ್ಳೆ ಬರುತ್ತವೆ. ಗುಳ್ಳೆ ನಿಂತು ಬರೀ ಎಣ್ಣೆ ಬಂದಾಗ ತಿರುಪು ಬಿಗಿದರೆ ಲಾರಿ ಚಾಲೂ ಆಗುತ್ತದೆ. ಯಂತ್ರವೊಂದು ನನ್ನ ಮಾತು ಕೇಳಿದ್ದು ಅದೇ ಮೊದಲು. ಹಿಗ್ಗಿನಿಂದ ಹಾರನ್ ಒತ್ತಿದೆ. ವೈನಿ ಅಳುತ್ತ ಒಳಗೆ ಹೋದರು.

ಮರುದಿನ ಹೋಗಿ ನೋಡಿದರೆ ಲಾರಿಯ ಮಡ್ಗಾರ್ಡಿನ ಮೇಲೆ ಚಹಾ ತುಂಬಿದ ಕಪ್ಪು. ಅಣ್ಣನದೇ ಸ್ಟೀಲ್ ಕಪ್ಪು, ಮೇಲೊಂದು ತಟ್ಟೆ ಮುಚ್ಚಿತ್ತು, ಆಗಲೇ ಇರುವೆಗಳು ಸಾಲು ಹಿಡಿದಿದ್ದವು. ಅಣ್ಣ ಚಹಾದ ಹೆಸರಿನಲ್ಲಿ ಪಾಯಸ ಕುಡಿಯುವವನು, ಅಷ್ಟು ಸಕ್ಕರೆ ಬೇಕು ಅವನಿಗೆ. ನನಗೋ ಸಕ್ಕರೆ ಕಾಯಿಲೆ, ಹಾಗಾಗಿ ಅದು ನನಗಲ್ಲವೆಂದು ಖಾತ್ರಿಯಾಯಿತು. ಮಿಸ್ತ್ರಿ ಹೇಳಿದ ಗಾಳಿಯನ್ನು ವೈನಿ ಅಣ್ಣನ ಗಾಳಿ ಎಂದು ತಿಳಿದಿದ್ದಾರೆ! ತಿದ್ದಿ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ದಿನಾ ಚಹಾ ಬರತೊಡಗಿತು, ದಿನಾ ನಾನು ಅದನ್ನು ಕಣ್ಣೆತ್ತಿ ನೋಡದೆ ಪಂಪು ಹೊಡೆದೆ. ಗುಳ್ಳೆ ಬುಳುಬುಳು ಎಂದಾಗ ನನಗೂ ಒಂದು ತರಹ ಆಗುತ್ತಿತ್ತು. ಕೆಲವು ದಿನ, ಯಾರೂ ಇಲ್ಲದ್ದು ನೋಡಿ, "ಅಣ್ಣಾ, ಸಾಕು ಬಾ ಇನ್ನ" ಎಂದು ಮೆಲ್ಲಗೆ ಅಂದದ್ದೂ ಉಂಟು. ಒಂದು ಮುಂಜಾನೆ ಲಾರಿ ನೋಡಲು ಬಂದ ದಸ್ತಗೀರ, ನಾನು ತಡೆಯುವಷ್ಟರಲ್ಲಿ ತಟ್ಟೆ ಸರಿಸಿ ಚಹಾ ಕುಡಿದುಬಿಟ್ಟ. ಮೀಸೆ ಒರೆಸಿಕೊಂಡು, "ವೈನ್ಯಾರ ಕೈ ಚಹಾ ಏನ ಚಲೋ ಐತ್ರಿ" ಎಂದ. ಖಾಲಿ ಕಪ್ಪನ್ನು ತೆಗೆದುಕೊಂಡು ಹೋಗುವಾಗ ವೈನಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ನಗು ಕಂಡಿತು. ಕುಡಿದವನು ಮಿಸ್ತ್ರಿ ಎಂದು ನಾನು ಹೇಳಹೋಗಲಿಲ್ಲ.

ಅಷ್ಟರಲ್ಲಿ ಅಥಣಿ ಕಡೆಯ ಗಿರಾಕಿಯೊಬ್ಬ ಲಾರಿ ಕೇಳಿಕೊಂಡು ಬಂದ. ಒಳ್ಳೆಯ ಮನುಷ್ಯ, ತಾನೇ ಓಡಿಸುವವನು. ನಮ್ಮಲ್ಲಿ ಓಡಿಸುವವರಿಲ್ಲ, ಅಂಗಳದಲ್ಲಿ ನಿಂತು ತುಕ್ಕು ಹಿಡಿಯುವುದಕ್ಕಿಂತ ಅದೇ ಮೇಲು ಎಂದು ಅಣ್ಣನ ರಾಯಬಾಗದ ಮಗಳೂ ಅಂದಳು. ಆದರೆ ಆತನಿಗೆ ಮುಂಜಾನೆ ಒಂದೇ ತಿರುವಿಗೆ ಚಾಲೂ ಆಗುವ ಗಾಡಿ ಬೇಕು. ವಾಷರು ಬಂದು ಮಿಸ್ತ್ರಿಯ ಕಿಸೆಯಲ್ಲಿ ಕುಳಿತಿದ್ದವು. ಅವನ್ನು ಹಾಕಿಸಿದರೆ ಗಾಳಿ ಹೋಗುತ್ತದೆ. ಎಂದರೆ ವೈನಿಯ ಲೆಕ್ಕದಲ್ಲಿ ಅಣ್ಣ ಹೋಗುತ್ತಾನೆ, ಈ ಸಲ ನಾನೇ ನಿಂತು ಕಳಿಸಿದಂತೆ. ಅಂಗಡಿಯಲ್ಲಿ ಇಳಕಲ್ ಸೀರೆ ಕೇಳಿದವರಿಗೆ ಟವೆಲ್ಲು ತೋರಿಸುತ್ತ ಕೆಲವು ದಿನ ಕಳೆದೆ. ಕೊನೆಗೆ ಧೈರ್ಯ ಮಾಡಿ ವೈನಿಯ ಅಡಿಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, "ವೈನಿ, ಗಾಡಿದು... ಗಾಳಿ ತಗಸಬೇಕಂತ... ನಿಮಗ ಏನೂ ಅನಸೂದಿಲ್ಲಂದ್ರ..." ಎಂದು ತೊದಲಿದೆ.

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ತಗಸೋ. ಅದಕ್ಕ ನನ್ನ ಯಾಕ ಕೇಳ್ತಿ?"

"ಅಲ್ಲ ವೈನಿ, ನೀವು ಚಹಾ..."

ಅವರು ನನ್ನನ್ನೇ ನೋಡಿದರು. "ಹುಚ್ಚಾ, ಪಂಪಿನ್ಯಾಗಿನ ಗಾಳಿ ಯಾವ್ದು, ದೆವ್ವದ ಗಾಳಿ ಯಾವ್ದು ನನಗ ತಿಳ್ಯೂದಿಲ್ಲೇನು? ದಿನಾ ಮುಂಜಾನೆ 'ಗಾಳಿ ತಗದು ಬರ್ತೇನಿ, ಚಹಾ ಇಡು' ಅಂತ ನನಗ ಹೇಳೇ ಹೋಗ್ತಿದ್ರು. ಅಲ್ಲೇ ಮಡ್ಗಾರ್ಡಿಗೆ ಆತು ನಿಂತು ಕುಡೀತಿದ್ರು. ಮಿಸ್ತ್ರಿ ಕುಡದದ್ದೂ ನಾ ಕಿಡಕ್ಯಾಗಿಂದ ನೋಡೇನಿ. ಕುಡೀಲಿ ಬಿಡು. ಆ ಹೊತ್ತಿನ್ಯಾಗ ಅಲ್ಲಿ ಯಾರೋ ಒಬ್ಬರು ನಿಂತು ಚಹಾ ಕುಡದ್ರ ಮನಸಿಗೆ ಒಂಚೂರು ಹಗೂರ ಆಕ್ಕಿತ್ತು. ನೀ ಒಂದಿನಾರ ಕುಡೀತಿ ಅಂತ ಮಾಡಿದ್ದೆ."

ವೈನಿಗೆ ಗಾಳಿಯ ನಂಬಿಕೆ ಎಂದು ನಾನು ಅಷ್ಟು ದಿನ ಮರುಗಿದ್ದೆ. ಪಂಪಿನ ಗುಳ್ಳೆಗಳ ಜೊತೆ ಮಾತಾಡಿದವನು ನಾನು.

ದಸ್ತಗೀರ ವಾಷರು ಬದಲಿಸಿದ. ಗಿರಾಕಿ ಬಂದ ಮುಂಜಾನೆ ಕೀಲಿ ತಿರುವಿದ ಕೂಡಲೇ ಲಾರಿ ಚಾಲೂ ಆಯಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಹೊಗೆಯನ್ನೂ ಉಗುಳಲಿಲ್ಲ. ಗಿರಾಕಿ ಖುಷಿಯಿಂದ ತಲೆಯಾಡಿಸಿದ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು, "ನೋಡ ತಮ್ಮಾ, ಈಗ ಯಾರ ತಿರುವಿದ್ರೂ ಚಾಲೂ ಆಕ್ಕೈತಿ" ಎಂದರು. ಲಾರಿ ಓಣಿಯ ತಿರುವು ದಾಟುವವರೆಗೂ ನಾನು ಅಂಗೈಯನ್ನು ಲುಂಗಿಗೆ ಒರೆಸುತ್ತಲೇ ನಿಂತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಬಾಯಲ್ಲಿ ನೊರೆ ತುಂಬಿಕೊಂಡ ಓಣಿಯ ಜನ ಅಂದು ಸಲಹೆ ಕೊಡಲಿಲ್ಲ.

ಅಂಗಳದಲ್ಲಿ ಈಗ ಒಂದು ಎಣ್ಣೆಯ ಕಲೆ ಉಳಿದಿದೆ. ಮುಂಜಾನೆ ನನಗೆ ತಾನಾಗಿಯೇ ಎಚ್ಚರವಾಗುತ್ತದೆ, ಅಂಗೈ ದಿಂಬನ್ನು ಒತ್ತುತ್ತಿರುತ್ತದೆ. "ಗಾಳಿ ಹಿಡದೈತೇನ್ರಿ ನಿಮಗ?" ಎಂದು ಹೆಂಡತಿ ಮಗ್ಗಲು ಬದಲಿಸುತ್ತಾಳೆ. ಎದ್ದು ಹೋಗಿ ಆ ಕಲೆಯ ಪಕ್ಕ ನಿಲ್ಲುತ್ತೇನೆ. ವೈನಿ ಏನೂ ಕೇಳದೆ ಅಣ್ಣನ ಕಪ್ಪು ತಂದು ಕೈಗಿಡುತ್ತಾರೆ. ಒರಗಲು ಮಡ್ಗಾರ್ಡು ಇಲ್ಲದ್ದರಿಂದ ನೆಟ್ಟಗೆ ನಿಂತೇ ಕುಡಿಯುತ್ತೇನೆ. ಸಕ್ಕರೆ ಅಣ್ಣನ ಅಳತೆಯದೇ, ಕಡಿಮೆ ಹಾಕಿರೆಂದು ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಮೊನ್ನೆ ರಕ್ತ ಪರೀಕ್ಷೆ ನೋಡಿದ ಡಾಕ್ಟರು ಕನ್ನಡಕ ತೆಗೆದು, "ಪಥ್ಯದಾಗ ಇದ್ದೇನಿ ಅಂತೀರಿ, ಸಕ್ಕರಿ ಎಲ್ಲಿಂದ ಒಳಗ ಹೊಕ್ಕಾಕತ್ತೈತ್ರಿ?" ಎಂದು ಕೇಳಿದರು. ನನಗೂ ಎಲ್ಲೋ ವಾಷರು ಸೊರಗಿದೆ ಸಾಹೇಬರೇ ಎನ್ನಲು ಹೋದವನು, ಗುಳಿಗೆ ಬರೆಸಿಕೊಂಡು ಸುಮ್ಮನೆ ಎದ್ದು ಬಂದೆ.